ಪುಕ್ಕಲಿ

ಬೆಳಗಿನ ಆರು ಗಂಟೆಗೇ ಕಾನ್ಸೆಪ್ಸಿಯೋನ್ ಪಟ್ಟಣದ ಮಾರುಕಟ್ಟೆಯ ಸೊಪ್ಪಿನ ಸಾಲಿನಲ್ಲಿ ಒನಕೆಗಳ ಸದ್ದು ಏಳುತ್ತಿತ್ತು. ಹೊಳೆಯ ದಕ್ಕೆಯ ಕೂಲಿಗಳು, ಬಸ್ಸಿನ ಚಾಲಕರು, ಶಾಲೆಯ ಮೇಷ್ಟ್ರುಗಳು ತಣ್ಣೀರಿನ ಫ್ಲಾಸ್ಕು ಹಿಡಿದು ಸರದಿಯಲ್ಲಿ ನಿಲ್ಲುವರು. ಅವರು ದಿನವಿಡೀ ಹೀರುವ ತೆರೆರೆ ಎಂಬ ತಣ್ಣನೆಯ ಪಾನೀಯಕ್ಕೆ ಯಾವ ಸೊಪ್ಪು ಜಜ್ಜಿ ಹಾಕಬೇಕೆಂದು ತೀರ್ಮಾನಿಸುವವಳು ದಮಿಯಾನಾ, ಊರವರ ಬಾಯಲ್ಲಿ ಗೌರವದ 'ನ್ಯಾ' ಸೇರಿ ನ್ಯಾ ದಮಿಯಾನಾ. ಕೇಳಿದ್ದನ್ನು ಕೊಡುವ ಅಭ್ಯಾಸ ಅವಳಿಗಿರಲಿಲ್ಲ.

"ಪುದೀನ ಸಾಕು, ನ್ಯಾ ದಮಿಯಾನಾ."

"ಪುದೀನ ಸಾಕಂತೆ! ಕಣ್ಣು ನೋಡು, ಕುಂಬಳಕಾಯಿ ಬಣ್ಣಕ್ಕೆ ತಿರುಗಿದೆ. ಭಾನುವಾರ ಪೂರ್ತಿ ಕುಡ್ದು ಸೋಮವಾರ ಪುದೀನ ಕೇಳೋಕೆ ಬರ್ತಾನೆ ದೊಡ್ಡ ಮನುಷ್ಯ. ಈ ಬೇರು ಹಾಕ್ತೀನಿ, ಬಾಯಿ ಮುಚ್ಕೊಂಡು ಕುಡಿ."

ಜನ ಬೈಸಿಕೊಂಡು, ನಗುತ್ತಾ ಹೋಗುವರು. ಮೂವತ್ತು ವರ್ಷದಿಂದ ಆ ಅಂಗಡಿ ನಡೆದದ್ದು ಅರ್ಧ ಸೊಪ್ಪಿನಿಂದ, ಅರ್ಧ ಬೈಗುಳದಿಂದ. ಅವಳ ತಿರಸ್ಕಾರದಲ್ಲಿ ಎಲ್ಲರಿಗೂ ಪಾಲಿತ್ತು. ದೊಡ್ಡ ಪಾಲು ಮಾತ್ರ ವೈದ್ಯರದು. "ಬಿಳಿ ಕೋಟಿನ ಕಟುಕರು," ಅನ್ನುವಳು. "ನಮ್ಮಕ್ಕ ತೊಮಾಸಾ ನಡ್ಕೊಂಡು ಆಸ್ಪತ್ರೆಗೆ ಹೋದ್ಲು. ಹನ್ನೊಂದು ದಿನಕ್ಕೆ ಪೆಟ್ಟಿಗೇಲಿ ಬಂದ್ಲು."

ಫೆಬ್ರವರಿಯ ಸೆಖೆಯಲ್ಲಿ ಒಂದು ದಿನ ಸ್ನಾನ ಮಾಡುವಾಗ ಬಲಗಡೆಯ ಮೊಲೆಯಲ್ಲಿ, ಕಂಕುಳಿಗೆ ಹತ್ತಿರವಾಗಿ, ಅವಳ ಬೆರಳಿಗೆ ಒಂದು ಗಂಟು ಸಿಕ್ಕಿತು. ಕಡಲೆಕಾಳಿನಷ್ಟು. ನೋವಿಲ್ಲ. ಅವಳು ಮೈ ಒರೆಸಿಕೊಂಡು ರವಿಕೆ ತೊಟ್ಟು ಹೊರಗೆ ಬಂದಳು. ಅಂದಿನಿಂದ ಸ್ನಾನಕ್ಕೆ ದಪ್ಪ ಬಟ್ಟೆಯೊಂದನ್ನು ಬಳಸತೊಡಗಿದಳು, ಕೈಗೆ ಏನೂ ತಿಳಿಯದಿರಲಿ ಎಂದು. ತಾನೇ ಅರೆದ ಎಲೆಯ ಪಟ್ಟನ್ನು ಒಳಗೆ ಕಟ್ಟಿಕೊಂಡಳು. ಯಾರಿಗೂ ಹೇಳಲಿಲ್ಲ. ಗಂಡ ಅಬುಂದಿಯೊಗಂತೂ ಹೇಳುವ ಮಾತೇ ಇರಲಿಲ್ಲ. ಇಸ್ಪೀಟಿನಲ್ಲಿ ಸೋತರೆ ಮೂರು ದಿನ ಹಾಸಿಗೆ ಹಿಡಿಯುವ ಗಂಡಸು ಅವನು.

ಮೇ ತಿಂಗಳ ಹೊತ್ತಿಗೆ ಬಲತೋಳು ಬಿಗಿಯತೊಡಗಿತು. ಎಡಗೈಯಲ್ಲಿ ಒನಕೆ ಹಿಡಿದರೆ ಸೊಪ್ಪು ಒರಳಿನಿಂದ ಹೊರಗೆ ಹಾರುತ್ತಿತ್ತು. ಗಿರಾಕಿಗಳು ಗಮನಿಸಲಿಲ್ಲ. ಗಮನಿಸಿದವಳು ಎದುರು ಸೊಪ್ಪಿನಂಗಡಿಯ ಪ್ಲಾಸಿದಾ.

ಪ್ಲಾಸಿದಾಳನ್ನು ಕಂಡರೆ ದಮಿಯಾನಾಳಿಗೆ ಆಗುತ್ತಿರಲಿಲ್ಲ. ಆರು ವರ್ಷದ ಹಿಂದೆ ಅವಳು ಅರ್ಜೆಂಟೀನಾದಲ್ಲಿರುವ ತಂಗಿಯ ಮನೆಗೆಂದು ಹೋಗಿ ಅರ್ಧ ವರ್ಷ ಕಳೆದು ಬಂದಿದ್ದಳು. ಬಂದಮೇಲೆ ಅವಳ ಒನಕೆಯ ಪೆಟ್ಟು ಸೊರಗಿತ್ತು. "ತಂಗಿ ಮನೇಲಿ ಕೂತು ತಿಂದು ಮೈ ಬಗ್ಗಲ್ಲ ಈಗ," ಎಂದು ದಮಿಯಾನಾ ಇಡೀ ಸಾಲಿಗೆ ಕೇಳುವಂತೆ ಆಡಿಕೊಂಡಿದ್ದಳು. ಅವರಿಬ್ಬರ ನಡುವೆ ಮಾತು ನಿಂತೇ ವರ್ಷಗಳಾಗಿದ್ದವು.

ಒಂದು ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ ಪ್ಲಾಸಿದಾ ಎದ್ದು ಈಚೆಗೆ ಬಂದಳು. ಕರೆಯದೆಯೇ ಮುಕ್ಕಾಲಿ ಎಳೆದು ಕುಳಿತಳು.

"ಯಾವತ್ತಿಂದ ಇದೆ?"

"ಏನು?"

"ಗಂಟು."

ದಮಿಯಾನಾ ಶಾಲನ್ನು ಎದೆಗೆ ಎಳೆದುಕೊಂಡಳು. "ನಿನ್ ಬಾಯಿಗೆ ಹುಳ ಬೀಳ. ಎದ್ದು ಹೋಗು ಇಲ್ಲಿಂದ."

"ಮೂರು ವಾರದಿಂದ ನೋಡ್ತಿದ್ದೀನಿ. ತೋಳು ಪಕ್ಕೆಗೆ ತಾಗ್ಬಾರ್ದು ಅಂತ ಕೋಳಿ ರೆಕ್ಕೆ ಎತ್ತಿದ ಹಾಗೆ ಕೂತ್ಕೋತೀಯ. ಎಡಗೈಲಿ ಕುಟ್ತೀಯ. ಊರಿಗೆಲ್ಲಾ ಔಷಧಿ ಹೇಳೋಳು ನೀನು. ನಿನಗೆ ಏನು ಹೇಳ್ಕೊಂಡಿದ್ದೀಯ?"

"ಪಟ್ಟು ಕಟ್ಟಿದ್ದೀನಿ. ಕರಗುತ್ತೆ."

"ಕರಗಿದ್ಯಾ?"

ದಮಿಯಾನಾ ಸೊಪ್ಪಿನ ಕಟ್ಟೊಂದನ್ನು ಸರಿಸಿಟ್ಟಳು. ಪ್ಲಾಸಿದಾ ಅವಳ ತೋಳು ಹಿಡಿದು ಅಂಗಡಿಯ ಹಿಂದಿನ ಗೋಣಿ ಪರದೆಯ ಮರೆಗೆ ಎಳೆದೊಯ್ದಳು. ಅಲ್ಲಿ ನಿಂತು ತನ್ನ ರವಿಕೆಯ ಗುಂಡಿಗಳನ್ನು ಬಿಚ್ಚಿದಳು. ಒಂದು ಕಡೆ ಬಟ್ಟೆ ತುಂಬಿದ ಚೀಲ. ಅದನ್ನು ಸರಿಸಿದರೆ ಚಪ್ಪಟೆ ಎದೆ, ಅಡ್ಡಕ್ಕೆ ಎಳೆದ ಮಾಸಿದ ಗಾಯದ ಗೆರೆ.

"ತಂಗಿಯೂ ಇಲ್ಲ, ಅರ್ಜೆಂಟೀನಾವೂ ಇಲ್ಲ," ಅಂದಳು. "ರಾಜಧಾನೀಲಿ, ಅಸುನ್ಸಿಯೋನ್ ಆಸ್ಪತ್ರೇಲಿ ಬಿದ್ದಿದ್ದೆ. ನಿನ್ನಂಥೋರು ಆಡ್ಕೋತೀರ ಅಂತ ಸುಳ್ಳು ಹೇಳ್ದೆ."

ದಮಿಯಾನಾ ನೋಡಿದಳು. ನೋಡಿ ಕಣ್ಣು ತಪ್ಪಿಸಿದಳು. "ನಾನು ಹೋಗಲ್ಲ. ತೊಮಾಸಾನ್ನ ಕೊಂದ್ರು ಅವರು."

"ಅವರು ಕೊಂದ್ರಾ?" ಪ್ಲಾಸಿದಾ ಗುಂಡಿ ಹಾಕಿಕೊಳ್ಳುತ್ತಾ ತಣ್ಣಗೆ ಕೇಳಿದಳು. "ತೊಮಾಸಾ ಆಸ್ಪತ್ರೆಗೆ ಹೋದಾಗ ಗಂಟು ಒಡೆದು ಕೀವು ಸೋರ್ತಿತ್ತು. ಅದಕ್ಕೆ ಮುಂಚೆ ಎರಡು ವರ್ಷ ಪಟ್ಟು ಕಟ್ಟಿದ್ದು ಯಾರು? ಹೇಳು, ದಮಿಯಾನಾ. ಯಾರ ಕೈ ಅದು?"

ದಮಿಯಾನಾ ಕೈಯೆತ್ತಿ ಅವಳ ಕೆನ್ನೆಗೆ ಬಾರಿಸಿದಳು. ಬಲಗೈಯಿಂದಲೇ. ನೋವು ತೋಳಿನುದ್ದಕ್ಕೂ ಹರಿಯಿತು, ಅವಳು ಗೋಡೆ ಹಿಡಿದು ಕುಸಿದು ಕುಳಿತಳು.

ಪ್ಲಾಸಿದಾ ಕೆನ್ನೆ ಸವರಿಕೊಂಡಳು. "ನಿನ್ನ ಕೊಬ್ಬು ಗೊತ್ತಿತ್ತು ನಂಗೆ. ಹೊಟ್ಟೆಕಿಚ್ಚೂ ಗೊತ್ತಿತ್ತು. ಪುಕ್ಕಲಿ ಅಂತ ಮಾತ್ರ ಇವತ್ತೇ ಗೊತ್ತಾಗಿದ್ದು. ಥೂ."

ಅಷ್ಟು ಹೇಳಿ ತನ್ನ ಅಂಗಡಿಗೆ ಹೋಗಿಬಿಟ್ಟಳು.

ಆ ಮಧ್ಯಾಹ್ನ ದಮಿಯಾನಾ ಸೊಪ್ಪಿಗೆ ನೀರು ಚಿಮುಕಿಸಲಿಲ್ಲ, ಯಾರನ್ನೂ ಬೈಯಲಿಲ್ಲ. ಅಕ್ಕನ ಮುಖ ಕಣ್ಣ ಮುಂದೆ ನಿಂತಿತ್ತು. ಪಟ್ಟು ಬಿಗಿಯುವಾಗಲೆಲ್ಲ ತೊಮಾಸಾ ಕೇಳುತ್ತಿದ್ದಳು, "ಇನ್ನೆಷ್ಟು ದಿನಕ್ಕೆ ವಾಸಿಯಾಗುತ್ತೆ, ದಮೀ?" ತಾನು ಪ್ರತಿ ಸಲವೂ ಒಂದು ಗಡುವು ಹೇಳುತ್ತಿದ್ದಳು, ನಾಲ್ಕು ವಾರ, ಆರು ವಾರ. ಆಗಲೂ ಇದೇ ಗಟ್ಟಿ ದನಿಯಲ್ಲಿ. ಅಕ್ಕ ಸತ್ತ ಮೇಲೆ ಹದಿನಾಲ್ಕು ವರ್ಷದಿಂದ ವೈದ್ಯರನ್ನು ಬೈದದ್ದೆಲ್ಲ ಆ ಲೆಕ್ಕ ತನ್ನ ಕಡೆ ತಿರುಗದಿರಲಿ ಎಂದೇ? ಅವಳಿಗೆ ತನ್ನ ಮೇಲೆ ಹುಟ್ಟಿದ ಹೇಸಿಗೆ, ಎದೆಯೊಳಗಿನ ಭಯಕ್ಕಿಂತ ದೊಡ್ಡದಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಅಂಗಡಿ ತೆರೆಯಲಿಲ್ಲ. ಎದುರು ಅಂಗಡಿಯ ಮುಂದೆ ಹೋಗಿ ನಿಂತು ಅಂದಳು: "ನಡಿ. ಅರ್ಧ ದಾರೀಲಿ ನಾನು ಓಡಿಹೋದ್ರೆ ಕಾಲಿಗೆ ಅಡ್ಡ ಕೊಟ್ಟು ಬೀಳಿಸು."

"ಅದಕ್ಕೇನು, ಖುಷಿಯಾಗಿ ಬೀಳಿಸ್ತೀನಿ," ಎಂದು ಪ್ಲಾಸಿದಾ ಸೆರಗಿನಂತೆ ಶಾಲು ಹೊದ್ದಳು.

ಆರೋಗ್ಯ ಕೇಂದ್ರದ ವೈದ್ಯೆ ಮೂವತ್ತು ದಾಟದ ಹೆಂಗಸು. ದಮಿಯಾನಾ ಒಳಗೆ ಕಾಲಿಡುತ್ತಲೇ, "ನೀನಿನ್ನೂ ಹಾಲುಗಲ್ಲದ ಹುಡುಗಿ, ನಿನಗೇನು ಗೊತ್ತು?" ಅಂದಳು.

"ಸೊಪ್ಪಿನ ವಿಷಯ ಏನೂ ಗೊತ್ತಿಲ್ಲ, ಅಮ್ಮ. ಇದು ಸ್ವಲ್ಪ ಗೊತ್ತು," ಎಂದು ವೈದ್ಯೆ ತಣ್ಣಗಿದ್ದ ಬೆರಳುಗಳನ್ನು ಉಜ್ಜಿ ಬಿಸಿಮಾಡಿಕೊಂಡಳು. ಎಲೆಯ ಪಟ್ಟನ್ನು ಬಿಚ್ಚಿ ಪಕ್ಕಕ್ಕಿಟ್ಟಳು, ನಗಲಿಲ್ಲ. ಬಹಳ ಹೊತ್ತು ನಿಧಾನವಾಗಿ ಮುಟ್ಟಿ ನೋಡಿದಳು. "ಯಾವಾಗ ಗೊತ್ತಾಯ್ತು?"

ಸುಳ್ಳು ಬಾಯಿತನಕ ಬಂದಿತ್ತು. "ಫೆಬ್ರವರೀಲಿ," ಅಂದಳು ದಮಿಯಾನಾ. "ಹೆದರಿಕೊಂಡು ಕೂತಿದ್ದೆ." ಆ ಮಾತು ಆಡಿದ್ದೇ ಅವಳಿಗೆ ಅಳು ಬಂತು. ಪ್ಲಾಸಿದಾ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು.

ಯಂತ್ರದಲ್ಲಿ ಎದೆಯ ಚಿತ್ರ ತೆಗೆದರು, ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದರು. ಎರಡು ವಾರದ ಮೇಲೆ ಫಲಿತಾಂಶ ಬಂತು. ಕ್ಯಾನ್ಸರ್. ಕಂಕುಳವರೆಗೆ ಬಂದಿದೆ, ಅಲ್ಲಿಂದಾಚೆ ದಾಟಿಲ್ಲ. ಮೊಲೆ ತೆಗೆಯಬೇಕು, ಆಮೇಲೆ ಔಷಧಿ. "ಮೊದಲೇ ಬಂದಿದ್ರೆ ಸುಲಭ ಇತ್ತು," ಅಂದಳು ವೈದ್ಯೆ. "ಈಗಲೂ ಕೈಮೀರಿಲ್ಲ."

ಅಸುನ್ಸಿಯೋನ್‌ಗೆ ಹೊರಡುವ ದಿನ ಅಬುಂದಿಯೊ ತಲೆ ಕೆರೆದುಕೊಂಡ. "ಕೇಳಿದೋರಿಗೆ ಏನು ಹೇಳ್ಲಿ? ಮಗಳ ಬಾಣಂತನಕ್ಕೆ ಹೋಗಿದ್ದಾಳೆ ಅಂತ ಹೇಳ್ಲಾ? ಹೆಂಡ್ತಿಗೆ ಹಿಂಗಾಯ್ತು ಅಂದ್ರೆ ಜನ..."

"ನಮಗೆ ಮಗಳೇ ಇಲ್ಲ, ಕತ್ತೆ," ಎಂದು ದಮಿಯಾನಾ ಬಸ್ಸು ಹತ್ತಿದಳು.

ಅವಳು ಮಾರುಕಟ್ಟೆಗೆ ಮರಳಿದ್ದು ಡಿಸೆಂಬರಿನಲ್ಲಿ. ಕೂದಲುದುರಿದ ತಲೆಗೆ ಬಟ್ಟೆ, ಅರ್ಧಕ್ಕಿಳಿದ ಮೈ. ಅವಳು ಬಂದ ಸುದ್ದಿ ತಿಳಿದು ಸಾಲಿನ ಹೆಂಗಸರು, ಹಳೆಯ ಗಿರಾಕಿಗಳು ಸುತ್ತ ನೆರೆದರು. ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಕನಿಕರದ ರಾಗ ಎಳೆದಳು: "ಎಲ್ಲಿ ಹೋಗಿದ್ದೆ, ನ್ಯಾ ದಮಿಯಾನಾ? ಮಗಳ ಬಾಣಂತನಕ್ಕೆ ಅಂತಿದ್ರು..."

"ಆಸ್ಪತ್ರೇಲಿದ್ದೆ. ಬಲಗಡೆ ಮೊಲೆ ಕುಯ್ದು ತೆಗೆದ್ರು."

ನೆರೆದವರು ಒಂದು ಹೆಜ್ಜೆ ಹಿಂದೆ ಸರಿದರು. ಯಾರೋ ಶಿಲುಬೆಯ ಗುರುತು ಮಾಡಿಕೊಂಡರು. ಎಲ್ಲರ ಕಣ್ಣೂ ಅವಳ ರವಿಕೆಯ ಮೇಲೆ ನೆಟ್ಟಿತ್ತು. ದಮಿಯಾನಾ ತಲೆ ತಗ್ಗಿಸಲಿಲ್ಲ. ಆದರೆ ಬೈಗುಳಕ್ಕೆ ತಡಕಿದರೆ ಅವಳ ಬಾಯಿಗೆ ಅಂದು ಒಂದೂ ಬರಲಿಲ್ಲ.

ಎದುರಿನಿಂದ ಪ್ಲಾಸಿದಾ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತಳು.

"ಏನ್ರೇ ಹಂಗೆ ನೋಡ್ತೀರ, ಮೊಲೆ ಕಾಣದ ಮಕ್ಕಳ ಹಾಗೆ? ನಂದೂ ಇಲ್ಲ. ಆರು ವರ್ಷ ಆಯ್ತು, ಇನ್ನೂ ಸತ್ತಿಲ್ಲ." ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ಅವಳು ಹೇಳಿದಳು: "ಗುರುವಾರ ಗುರುವಾರ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಹೆಂಗಸರನ್ನ ನೋಡ್ತಾಳೆ. ನಾವಿಬ್ರೂ ಹೋಗ್ತಿದ್ದೀವಿ. ಬರೋರು ಏಳು ಗಂಟೆಗೆ ಇಲ್ಲಿ ನಿಂತಿರಿ."

ಗುರುವಾರ ಏಳು ಗಂಟೆಗೆ ಐದು ಜನ ನಿಂತಿದ್ದರು. ಬಟ್ಟೆ ಹೊಲಿಯುವವಳು ಎಲ್ಲರಿಗಿಂತ ಮುಂದಿದ್ದಳು.