ಸ್ಕೂಲಿನಂಗಳದ ಕ್ಷೌರದ ಕುರ್ಚಿ

ಕತ್ತರಿ ಅಕ್ಕನ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವನು ಬೀದಿಗೆ ಹೋಗಿ ಸೀನಬೇಕು. ಅಷ್ಟೇ ಜಾಗ. ಅದರಲ್ಲಿ ಸೀಟು ಹರಿದು ಒಳಗಿನ ನಾರು ಇಣುಕುವ ಒಂದು ಕುರ್ಚಿ, ಕೈಯಲ್ಲಿ ಹಿಡಿದು ತೋರಿಸುವಂಥ ಒಂದು ಕನ್ನಡಿ, ಗಿರಾಕಿಗಳಿಗೆ ಒಂದು ಬೆಂಚು. ಗೋಡೆಗೆ ಒರಗಿಸಿದ ಒಂದು ಹಲಗೆ. ಚಿಕ್ಕ ಮಕ್ಕಳು ಬಂದರೆ ಆ ಹಲಗೆಯನ್ನು ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಟ್ಟು ಅದರ ಮೇಲೆ ಕೂರಿಸುತ್ತಿದ್ದಳು. ಆ ಬೀದಿಯ ಗಂಡಸರೆಲ್ಲ ಒಂದು ಕಾಲದಲ್ಲಿ ಆ ಹಲಗೆಯ ಮೇಲೆ ಕೂತು ಅತ್ತವರೇ.

ಕ್ಷೌರದ ಅಂಗಡಿಯಲ್ಲಿ ಕೂರುವ ಹಕ್ಕು ಗಿರಾಕಿಗೆ ಮಾತ್ರ. ಬೆಳಿಗ್ಗೆ ಶಟರ್ ಎತ್ತಿದವಳು ಸಂಜೆ ಇಳಿಸುವವರೆಗೂ ನಿಂತೇ ಇರಬೇಕು. ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಹೂತುಹೋಗುತ್ತಿತ್ತು. ಸೋಪಿನ ನೀರಿಗೆ ಬೆರಳ ಸಂದುಗಳು ಬಿರಿದು ಉರಿಯುತ್ತಿದ್ದವು. ಗಂಡನಿಗೆ ಕೈನಡುಕ ಬಂದಾಗ ಅವನ ಕೈಯಿಂದ ಕತ್ತರಿ ತೆಗೆದುಕೊಂಡವಳು, ಅವನು ಹೋದ ಮೇಲೂ ಕೆಳಗಿಟ್ಟಿರಲಿಲ್ಲ. ಹೆಂಗಸು ಗಂಡಸರ ಗಡ್ಡ ಹೆರೆಯುವುದೇ ಎಂದು ಮೂಗು ಮುರಿದವರೇ ಆಮೇಲೆ ಕೆನ್ನೆ ಒಡ್ಡಿಕೊಂಡು ಸಾಲಾಗಿ ಕೂತರು. ಊದಿದ ಕಾಲನ್ನೂ ಬಿರಿದ ಬೆರಳನ್ನೂ ಅವಳು ತಡೆದುಕೊಂಡದ್ದು ಮಗನಿಗಾಗಿ. ಇರುವುದು ಒಬ್ಬನೇ.

ಅಕ್ಕನದೊಂದು ನಂಬಿಕೆ ಇತ್ತು. ಕುತ್ತಿಗೆಯ ಮೇಲೆ ಕತ್ತಿ ಆಡುತ್ತಿರುವಾಗ ಯಾವ ಗಂಡಸೂ ಸುಳ್ಳು ಹೇಳುವುದಿಲ್ಲ ಎಂಬುದು. ಹೇಳಿದರೆ ಗಂಟಲಿನ ಉಂಡೆ ಒಂದು ಸಲ ಮೇಲೆ ಕೆಳಗೆ ಆಡುತ್ತದೆ, ಅದು ಕತ್ತಿಯ ಹಿಡಿಗೆ ಗೊತ್ತಾಗುತ್ತದೆ. ಹೀಗೆ ಎಷ್ಟೋ ಜನರ ಗುಟ್ಟು ಅವಳ ಹತ್ತಿರ ಇತ್ತು. ಸಾಲ ತೀರಿಸುತ್ತೇನೆ ಅಂದವನ ಉಂಡೆ ಆಡಿದ್ದು, ಕುಡಿಯುವುದು ಬಿಟ್ಟೆ ಅಂದವನ ಉಂಡೆ ಕುಣಿದದ್ದು, ಎಲ್ಲ. "ನನಗೆ ಮುಖ ಬೇಡಪ್ಪ, ಗಂಟಲು ಸಾಕು" ಎಂದು ನಗುತ್ತಿದ್ದಳು.

ಆ ಸಂಜೆ ಅಂಗಡಿಯ ಮುಂದೆ ಜೀಪು ನಿಂತಿತು. ಇಸ್ತ್ರಿ ಮಾಡಿದ ಸಮವಸ್ತ್ರದವನೊಬ್ಬ ಇಳಿದು ತಲೆ ತಗ್ಗಿಸಿ ಒಳಗೆ ಬಂದ.

"ಅಕ್ಕ, ಗುರುತು ಸಿಗ್ತಾ?"

ಮುಖದ ಗುರುತು ಸಿಗಲಿಲ್ಲ. ಅವನು ಟೋಪಿ ತೆಗೆದು ತಲೆ ಬಗ್ಗಿಸಿದ. ನೆತ್ತಿಯ ಮೇಲೆ ಎರಡು ಸುಳಿ.

"ಅಯ್ಯೋ, ಜೋಡಿಸುಳಿ! ಕಿವಿ ಕುಯ್ದುಬಿಡ್ತೀಯ ಅಂತ ಬೀದಿಗೆಲ್ಲ ಕೇಳೋ ಹಾಗೆ ಅರಚ್ತಿದ್ದೆಯಲ್ಲೋ!"

ಜೋಡಿಸುಳಿ ಈಗ ಸೈನ್ಯದ ಭರ್ತಿ ಸಾಹೇಬನಾಗಿದ್ದ. ಊರೂರಿನ ಸ್ಕೂಲು ಕಾಲೇಜುಗಳಿಗೆ ಹೋಗಿ ಹುಡುಗರನ್ನು ಸೈನ್ಯಕ್ಕೆ ಸೇರಿಸುವುದು ಅವನ ಕೆಲಸ. ಮರುದಿನ ಅವನು ಓದಿದ ಸ್ಕೂಲಿನಲ್ಲೇ ಶಿಬಿರ. ಅಕ್ಕನ ಮಗ ಕೊನೆಯ ವರ್ಷ ಓದುತ್ತಿದ್ದದ್ದೂ ಅದೇ ಸ್ಕೂಲಿನಲ್ಲಿ. ಹುಡುಗನ ತಲೆ ತುಂಬ ಗಾಡಿಗಳೇ. ಕೆಟ್ಟ ಇಂಜಿನ್ ಶಬ್ದ ಕೇಳಿದರೆ ಸಾಕು, ಊಟ ಬಿಟ್ಟು ಓಡುತ್ತಾನೆ ಎಂದು ಅಕ್ಕ ಸಾಹೇಬನಿಗೆ ಹೇಳಿಕೊಂಡಳು.

ಸಾಹೇಬ ಕುರ್ಚಿಯಲ್ಲಿ ಒರಗಿದ. ಅಕ್ಕ ನೊರೆ ಹಚ್ಚಿದಳು. ಬೆಂಚಿನ ಮೇಲೆ ಕೂತಿದ್ದ ಮಗನನ್ನು ಅವನು ಓರೆಗಣ್ಣಿನಲ್ಲಿ ನೋಡಿದ.

"ಏನೋ ತಮ್ಮ, ಗಾಡಿ ರಿಪೇರಿ ಅಂದ್ರೆ ಇಷ್ಟ ಅಂತೆ? ನಮ್ಮಲ್ಲಿ ಬಾ. ನೀನು ಕನಸಲ್ಲೂ ಕಾಣದಂಥ ಇಂಜಿನ್ ಇದೆ. ಕಲಿಸ್ತಾರೆ, ಸಂಬಳಾನೂ ಕೊಡ್ತಾರೆ. ಅಮ್ಮ ಇನ್ನೂ ಎಷ್ಟು ದಿನ ಅಂತ ನಿಂತ್ಕೊಂಡಿರ್ಬೇಕು?"

ಮಗನ ಕಣ್ಣು ಅರಳಿತು. ಅಕ್ಕ ಕತ್ತಿಯನ್ನು ಗಲ್ಲದ ಕೆಳಗೆ ತಂದು, ಸರಿಯಾಗಿ ಗಂಟಲಿನ ಉಂಡೆಯ ಮೇಲೆ ನಿಲ್ಲಿಸಿ ಕೇಳಿದಳು.

"ನಿಜ ಹೇಳು. ಗುಂಡು ಹಾರೋ ಕಡೆ ಕಳಿಸಲ್ಲ ತಾನೆ?"

"ವರ್ಕ್‌ಶಾಪಿಗೆ ಅಕ್ಕ. ನೇರವಾಗಿ ವರ್ಕ್‌ಶಾಪಿಗೆ. ನಿನ್ನ ಮಗ ಅಂದ್ರೆ ನನ್ನ ತಮ್ಮ ಅಲ್ವಾ? ಒಂದು ಕೂದಲೂ ಕೊಂಕದ ಹಾಗೆ ನೋಡ್ಕೋತೀನಿ."

ಉಂಡೆ ಆಡಲಿಲ್ಲ. ಕಲ್ಲಿನ ಹಾಗೆ ಇತ್ತು. ಅಕ್ಕ ನಂಬಿದಳು.

ಮರುದಿನ ಸ್ಕೂಲಿನಂಗಳಕ್ಕೆ ಅವಳ ಕುರ್ಚಿಯೂ ಹೋಯಿತು. ಶಿಬಿರದಲ್ಲಿ ಪುಕ್ಕಟೆ ಕ್ಷೌರ, ಸಿಪಾಯಿ ಕಟಿಂಗ್. "ಬಲವಂತ ಇಲ್ಲ ಹುಡುಗರಾ, ಇಷ್ಟ ಇದ್ದೋರು ಬನ್ನಿ. ಮೊದಲು ನಾನೇ ಕೂರ್ತೀನಿ" ಎಂದು ಸಾಹೇಬನೇ ಕೂತು ಎಲ್ಲರನ್ನೂ ನಗಿಸಿದ. ಮುಖ್ಯೋಪಾಧ್ಯಾಯರು ಚಪ್ಪಾಳೆ ತಟ್ಟಿಸಿದರು. ಹುಡುಗರು ನಾ ಮುಂದು ತಾ ಮುಂದು ಎಂದು ಸಾಲು ನಿಂತರು. ಆ ಉಪಾಯ ಎಂಥದ್ದು ಎಂದು ಅಕ್ಕನಿಗೆ ಆಗ ಹೊಳೆಯಲಿಲ್ಲ. ತಲೆ ಕತ್ತರಿಸಿಕೊಂಡು ಮನೆಗೆ ಹೋದ ಹುಡುಗನನ್ನು ಬೀದಿಯವರೆಲ್ಲ "ಓಹೋ, ಸಿಪಾಯಿ ಆಗಿಬಿಟ್ಟೆಯಾ!" ಅನ್ನುತ್ತಾರೆ. ಅಕ್ಕತಂಗಿಯರು ನೆತ್ತಿ ಸವರಿ ಹೆಮ್ಮೆಪಡುತ್ತಾರೆ. ಇನ್ನು ಅವನು ಬೇಡ ಅನ್ನುವುದು ಹೇಗೆ? ಕೂದಲು ನಾಲ್ಕು ದಿನಕ್ಕೆ ಬೆಳೆಯುತ್ತದೆ. ಹೇಡಿ ಅನ್ನಿಸಿಕೊಂಡರೆ ಆ ಹೆಸರು ಹೋಗುವುದಿಲ್ಲ. ಹುಡುಗರು ಸಹಿ ಹಾಕುವ ಮೊದಲೇ ಅಕ್ಕನ ಕತ್ತರಿ ಅವರ ಪರವಾಗಿ ಸಹಿ ಹಾಕಿಬಿಟ್ಟಿತ್ತು.

ಮಗನ ತಲೆಯನ್ನು ಅವಳೇ ಕತ್ತರಿಸಿದಳು. ಬೇರೆಯವರಿಗಿಂತ ನಿಧಾನವಾಗಿ, ನೀಟಾಗಿ.

ಅವನು ಹೋದ. ಫೋನಿನಲ್ಲಿ "ಚೆನ್ನಾಗಿದ್ದೀನಮ್ಮ" ಅನ್ನುತ್ತಿದ್ದ. ವರ್ಕ್‌ಶಾಪು ಹೇಗಿದೆ ಎಂದರೆ ಲೈನು ಕಟ್ಟಾಗುತ್ತಿತ್ತು. ಫೋನಿಗೆ ಗಂಟಲು ಎಲ್ಲಿದೆ, ಕತ್ತಿ ಇಟ್ಟು ನೋಡಲು? ಮುಂದಿನ ವರ್ಷದ ಶಿಬಿರಕ್ಕೂ ಅವಳು ಕುರ್ಚಿ ಹಾಕಿದಳು. ಮಗ ಎಲ್ಲೋ ಇಂಜಿನ್ ಬಿಚ್ಚುತ್ತಿದ್ದಾನೆ ಎಂದುಕೊಂಡೇ ಇನ್ನೊಂದು ಸಾಲು ಹುಡುಗರ ತಲೆ ಕತ್ತರಿಸಿದಳು.

ಆಮೇಲೊಂದು ಮಧ್ಯಾಹ್ನ ಅವನು ಅಂಗಡಿಯ ಮುಂದೆ ಬಂದು ನಿಂತ. ಅಂಗಿಯ ಬಲತೋಳನ್ನು ಮಣಿಕಟ್ಟಿನ ಹತ್ತಿರ ಮಡಿಸಿ ಪಿನ್ನು ಚುಚ್ಚಿತ್ತು. ಅದರ ಮುಂದೆ ಏನೂ ಇರಲಿಲ್ಲ.

ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ ತಾನೇ ಮುಖ ಒರೆಸಿಕೊಂಡು ಎದ್ದು ಹೋದ. ಅಕ್ಕ ಮಗನನ್ನು ಕುರ್ಚಿಯಲ್ಲಿ ಕೂರಿಸಿದಳು. ಒಂದೇ ಮಾತು ಕೇಳಿದಳು.

"ವರ್ಕ್‌ಶಾಪಲ್ಲಿ ಆಯ್ತೇನಪ್ಪಾ?"

"ಯಾವ ವರ್ಕ್‌ಶಾಪಮ್ಮ? ಅಲ್ಲಿ ಗಾಡಿ ಕೆಟ್ರೆ ಅಲ್ಲೇ ಬಿಟ್ಟು ಬರ್ತಾರೆ. ಮೊದಲನೇ ದಿನಾನೇ ಬಂದೂಕು ಕೊಟ್ರು. ಸ್ಪ್ಯಾನರ್ ಅನ್ನೋದನ್ನ ನಾನು ಕಣ್ಣಲ್ಲೂ ನೋಡ್ಲಿಲ್ಲ."

ಅಷ್ಟು ಹೇಳಿ ಬಾಯಿ ಮುಚ್ಚಿದವನು ಮತ್ತೆ ಅದರ ಬಗ್ಗೆ ಮಾತೆತ್ತಲಿಲ್ಲ. ತಲೆಯನ್ನೂ ಮುಟ್ಟಗೊಡಲಿಲ್ಲ. ಕತ್ತರಿಯ ಸದ್ದಾದರೆ ಎದ್ದು ಹೊರಗೆ ಹೋಗುತ್ತಿದ್ದ. ಕೂದಲು ಹೆಗಲಿಗೆ ಇಳಿಯಿತು, ಗಡ್ಡ ಎದೆಗೆ ಬಂತು. ಊರಿನ ತಲೆಯನ್ನೆಲ್ಲ ಓರಣ ಮಾಡುವವಳ ಮಗ ಹಾಗೆ ಓಡಾಡುವುದನ್ನು ಕಂಡು ಜನ ಮರುಗುತ್ತಿದ್ದರು. ಅಕ್ಕನಿಗೆ ಮರುಕಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಮೊದಮೊದಲು ಗೊತ್ತಾಗಲಿಲ್ಲ. ತನ್ನ ಕೈಯ ಮೇಲೇ ಅಂದುಕೊಂಡಳು. ಆ ಉಂಡೆ ಆಡಲಿಲ್ಲವಲ್ಲ, ಯಾಕೆ ಆಡಲಿಲ್ಲ ಎಂದು ಅದನ್ನೇ ಮೆಲುಕು ಹಾಕಿದಳು.

ಮತ್ತೆ ಶಿಬಿರದ ಸುದ್ದಿ ಬಂದಾಗ ಅವಳು ನೆಟ್ಟಗೆ ಮುಖ್ಯೋಪಾಧ್ಯಾಯರ ಕೋಣೆಗೆ ಹೋದಳು. ಅವರು ಕೂರು ಅನ್ನಲಿಲ್ಲ. ನಿಲ್ಲುವುದು ಅವಳಿಗೆ ಹೊಸದೂ ಅಲ್ಲ.

"ಈ ಸಲ ಅವರನ್ನ ಒಳಗೆ ಬಿಡ್ಬೇಡಿ ಸಾರ್."

"ನಿನ್ನ ಮಗನ ವಿಷಯ ಕೇಳಿ ಹೊಟ್ಟೆ ಉರೀತಮ್ಮ. ಆದ್ರೆ ನಾನೇನು ಮಾಡ್ಲಿ? ಮೇಲಿಂದ ಆರ್ಡರು. ಸೇರೋರು ಅವರವರ ಇಷ್ಟದಿಂದ ಸೇರ್ತಾರೆ."

"ಇಷ್ಟ ಇದ್ದೋರು ಅವರ ಆಫೀಸಿಗೇ ಹೋಗಿ ಸೇರ್ಲಿ. ಯಾರು ಬೇಡ ಅಂದ್ರು? ಇಲ್ಲಿಗೆ ಯಾಕೆ ಬರ್ಬೇಕು?"

"ಮಕ್ಕಳಿಗೆ ಮಾಹಿತಿ ಬೇಡ್ವೇನಮ್ಮ?"

"ಕೈ ಹೋಗುತ್ತೆ ಅನ್ನೋದೂ ಮಾಹಿತೀನೇ ಅಲ್ವಾ ಸಾರ್? ಅದನ್ನ ಯಾರು ಹೇಳ್ತಾರೆ? ಸ್ಕೂಲ್ ಗೇಟೊಳಗೆ ಹೇಳಿದ್ದನ್ನೆಲ್ಲ ಮಕ್ಕಳು ಪಾಠ ಅಂತ ನಂಬ್ತಾವೆ. ನಾನೂ ನಂಬ್ದೆ. ನೀವು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿಸಿದ್ರಿ."

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅಕ್ಕ ಬಿಡಲಿಲ್ಲ.

"ಗುಡ್ಡದ ಮೇಲಿನ ದುಡ್ಡಿದ್ದೋರ ಸ್ಕೂಲಿಗೆ ಜೀಪು ಹೋಗಿದ್ದು ನಾನು ಒಂದು ದಿನಾನೂ ನೋಡ್ಲಿಲ್ಲ. ನಿಮ್ಮ ಮಗನೂ ಅಲ್ಲೇ ಓದೋದಲ್ವಾ?"

"ಅಲ್ಲಿನ ಹುಡುಗರು ಮುಂದೆ ಓದ್ಬೇಕಲ್ಲಮ್ಮ" ಅಂದುಬಿಟ್ಟರು ಅವರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಅಕ್ಕ ಬಾಗಿಲವರೆಗೆ ಹೋಗಿದ್ದಳು. ಹಿಂದಿನಿಂದ ಅವರು ಮೆಲ್ಲಗೆ ಕೇಳಿದರು: "ನಾಳೆ ಕುರ್ಚಿ ತರ್ತೀಯಲ್ಲ? ಸಾಹೇಬ್ರು ನಿನ್ನನ್ನೇ ಕೇಳಿದ್ದಾರೆ."

"ತರ್ತೀನಿ" ಅಂದಳು ಅಕ್ಕ.

ಬೆಳಿಗ್ಗೆ ಅವಳು ಕುರ್ಚಿ ಎತ್ತಿಕೊಂಡಾಗ ಮಗ ತಾನಾಗಿ ಎದ್ದ. ಕನ್ನಡಿಯನ್ನು ಎಡಗೈಯಲ್ಲಿ ಎದೆಗೆ ಅವುಚಿಕೊಂಡು ಅವಳ ಹಿಂದೆ ನಡೆದ. ಬಾ ಎಂದು ಅವಳು ಕರೆದಿರಲಿಲ್ಲ. ಬೇಡ ಅನ್ನಲೂ ಇಲ್ಲ.

ಅಂಗಳದ ತುಂಬ ಹುಡುಗರು. ಅದೇ ಜೀಪು, ಅದೇ ಬಣ್ಣದ ಪೋಸ್ಟರುಗಳು. ಅವುಗಳಲ್ಲಿ ಎಲ್ಲರಿಗೂ ಎರಡೆರಡು ಕೈ. ಸಾಹೇಬ "ಬಲವಂತ ಇಲ್ಲ ಹುಡುಗರಾ, ಮೊದಲು ನಾನೇ ಕೂರ್ತೀನಿ" ಎಂದು ಕುರ್ಚಿಯಲ್ಲಿ ಒರಗಿದ. ಎದುರಿಗೆ ಕನ್ನಡಿ ಹಿಡಿದು ನಿಂತ ಜಡೆಗೂದಲಿನವನನ್ನು ನೋಡಿ ನಕ್ಕ.

"ಮೊದಲು ಇವನಿಗೆ ಮಾಡ್ಬೇಕಿತ್ತು ಅಕ್ಕ! ಯಾರಿದು?"

"ಕನ್ನಡಿ ಹಿಡಿಯೋಕೆ ಕರ್ಕೊಂಡ್ಬಂದೆ."

ಹುಡುಗರು ನಗಲಿಲ್ಲ. ಅವರಿಗೆಲ್ಲ ಆ ಜಡೆಗೂದಲಿನವನು ಗೊತ್ತಿತ್ತು. ದಿನಾ ಸ್ಕೂಲಿಗೆ ಬರುವಾಗ ಅಂಗಡಿಯ ಕಟ್ಟೆಯ ಮೇಲೆ ಕಾಣುವವನು. ಗೊತ್ತಿಲ್ಲದವನು ಅವನನ್ನು ಕರೆದೊಯ್ದವನೊಬ್ಬನೇ.

ಅಕ್ಕ ನೊರೆ ಹಚ್ಚಿದಳು. ಒಂದು ಕೆನ್ನೆ ಹೆರೆದು ಮುಗಿಸಿದಳು. ಆಮೇಲೆ ಕತ್ತಿಯನ್ನು ಗಂಟಲಿನ ಉಂಡೆಯ ಮೇಲೆ ತಂದು, ಸಾಲಿನ ಕೊನೆಯವನಿಗೂ ಕೇಳುವ ಹಾಗೆ ಕೇಳಿದಳು.

"ನನ್ನ ಮಗನ್ನ ಎಲ್ಲಿಗೆ ಕಳಿಸಿದ್ರಿ ಸಾಹೇಬ್ರೇ?"

ಅವನ ಕಣ್ಣು ಒಂದು ಕ್ಷಣ ಹುಡುಗರ ಕಡೆ ಹೊರಳಿತು. ದನಿಯಲ್ಲಿ ಮಾತ್ರ ಒಂದಿಷ್ಟೂ ಏರುಪೇರಿಲ್ಲ.

"ವರ್ಕ್‌ಶಾಪಿಗೇ ಅಕ್ಕ, ಮಾತು ಕೊಟ್ಟ ಹಾಗೆ. ಕೈಗೆ ಪೆಟ್ಟಾಯ್ತು ಅಂತ ಕೇಳಿ ನನಗೂ ಬೇಜಾರಾಯ್ತು. ಗಾಡಿ ಕೆಳಗೆ ಮಲಗಿದ್ದನಂತೆ, ಜಾಕ್ ಜಾರಿತಂತೆ. ಅಂಥದ್ದು ಎಲ್ಲ ಗ್ಯಾರೇಜಲ್ಲೂ ಆಗುತ್ತೆ. ಇವರ ಮುಂದೆ ಅದೆಲ್ಲ ಯಾಕೆ?"

ಉಂಡೆ ಆಡಲಿಲ್ಲ. ಹಿಂದಿನ ಸಲದ ಹಾಗೆಯೇ, ಕಲ್ಲು. ಆಗ ಅಕ್ಕನಿಗೆ ಎಲ್ಲ ಅರ್ಥವಾಯಿತು. ಅವಳ ಕೈ ಮೋಸ ಹೋಗಿರಲಿಲ್ಲ. ಸಾಲ ಮಾಡಿದವನ, ಕುಡಿದವನ ಸುಳ್ಳು ಹೆದರಿಕೆಯ ಸುಳ್ಳು, ಅದಕ್ಕೆ ಗಂಟಲು ನಡುಗುತ್ತದೆ. ಇವನದು ನೌಕರಿಯ ಸುಳ್ಳು. ಒಂದೊಂದು ಸ್ಕೂಲಿನಲ್ಲೂ ಹೇಳಿ ಹೇಳಿ ಬಾಯಿಪಾಠವಾಗಿದೆ. ಬಾಯಿಪಾಠ ಒಪ್ಪಿಸುವವನ ಗಂಟಲು ಯಾಕೆ ನಡುಗಬೇಕು?

ಮಗ ಕನ್ನಡಿಯನ್ನು ಸಾಹೇಬನ ತೊಡೆಯ ಮೇಲೆ ಇಟ್ಟ. ಎಡಗೈಯಿಂದ ಮುಖದ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದ. ಬಲತೋಳಿನ ಪಿನ್ನನ್ನು ಹಲ್ಲಿನಿಂದ ಕಿತ್ತು ಅಂಗಿಯ ತೋಳನ್ನು ಮೇಲಕ್ಕೆ ಜಗ್ಗಿದ.

"ಸಾರ್, ಜಾಕ್ ಯಾವ ಕಡೆ ಜಾರಿತು?"

ಈಗ ಉಂಡೆ ಆಡಿತು. ಮೇಲೆ ಕೆಳಗೆ, ಮೇಲೆ ಕೆಳಗೆ. ಅಕ್ಕ ಕತ್ತಿಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಸಿದಳು. ಅವಳಿಗೆ ರಕ್ತ ಬೇಕಿರಲಿಲ್ಲ. ಹುಡುಗರ ಕಡೆ ತಿರುಗಿದಳು.

"ಕೇಳಿಸ್ಕೊಂಡ್ರಾ ಮಕ್ಕಳಾ? ಕುತ್ತಿಗೆ ಮೇಲೆ ಕತ್ತಿ ಇದ್ರೂ ಇವನು ಸುಳ್ಳು ಹೇಳ್ದ. ಮೈಕು ಹಿಡ್ಕೊಂಡು ಏನು ಹೇಳ್ತಾನೋ ಯೋಚ್ನೆ ಮಾಡಿ. ನಿಮ್ಮಲ್ಲಿ ಒಬ್ಬನ ತಲೇನೂ ನಾನು ಮುಟ್ಟಲ್ಲ."

ಸಾಲಿನ ಮೊದಲನೆಯವನು ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಸಾಲು ಬಿಟ್ಟ. ಅವನ ಹಿಂದಿನವನೂ ಬಿಟ್ಟ. ಮುಖ್ಯೋಪಾಧ್ಯಾಯರು "ಏಯ್, ಸಾಲು! ಸಾಲು!" ಎಂದು ಕೂಗುತ್ತ ಓಡಿಬಂದರು. ನಿಲ್ಲಿಸಲು ಅಲ್ಲಿ ಸಾಲೇ ಉಳಿದಿರಲಿಲ್ಲ.

"ಏಳಪ್ಪ, ಕುರ್ಚಿ ನಂದು" ಅಂದಳು ಅಕ್ಕ.

ಸಾಹೇಬ ಎದ್ದ. ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ನೊರೆ ಒಣಗುತ್ತಿತ್ತು. ಹುಡುಗರೆಲ್ಲ ಅದನ್ನೇ ನೋಡುತ್ತಿದ್ದರು. ಅವನು ದನಿ ತಗ್ಗಿಸಿ, ಹಲಗೆಯ ಮೇಲೆ ಕೂರುತ್ತಿದ್ದ ಕಾಲದ ದನಿಯಲ್ಲಿ ಬೇಡಿದ.

"ಅಕ್ಕ, ಹೀಗೆ ಬಿಟ್ಟು ಹೋಗ್ಬೇಡ. ಇನ್ನರ್ಧ?"

ಅಕ್ಕ ಕುರ್ಚಿಯನ್ನು ಎತ್ತಿ ಸೊಂಟಕ್ಕೆ ಆನಿಸಿಕೊಂಡಳು. ಮಗ ಕನ್ನಡಿ ಎತ್ತಿಕೊಂಡ.

"ಇನ್ನರ್ಧ ಆ ಗುಡ್ಡದ ಮೇಲಿನ ಸ್ಕೂಲಲ್ಲಿ ಮಾಡಿಸ್ಕೊ."