ರಾಜನ ಕೆನ್ನೆಯ ಮೇಲಿನ ಹೆಬ್ಬೆರಳು

ನಾನು ಒಂದು ಬೆಳ್ಳಿ ರೂಪಾಯಿ. ಹುಟ್ಟಿ ನೂರು ವರ್ಷ ದಾಟಿದರೂ ಇದುವರೆಗೆ ಒಂದು ಕಡ್ಡಿಪೆಟ್ಟಿಗೆಯನ್ನೂ ಕೊಂಡಿಲ್ಲ. ಒಂದು ಕಾಲದಲ್ಲಿ ಈ ಮಾತನ್ನು ಬಹಳ ಜಂಬದಿಂದ ಹೇಳಿಕೊಳ್ಳುತ್ತಿದ್ದೆ.

ಮುಂಬಯಿಯ ಟಂಕಸಾಲೆಯಲ್ಲಿ ಎರಡು ಉಕ್ಕಿನ ಅಚ್ಚುಗಳ ನಡುವೆ, ಒಂದೇ ಏಟಿಗೆ ಹುಟ್ಟಿದೆ. ಒಂದು ಮಗ್ಗುಲಲ್ಲಿ ಕಿರೀಟ ತೊಟ್ಟ ಐದನೆಯ ಜಾರ್ಜ್ ರಾಜ, ಇನ್ನೊಂದು ಮಗ್ಗುಲಲ್ಲಿ ಹೂಬಳ್ಳಿಯ ನಡುವೆ 1917 ಎಂಬ ಇಸವಿ. ನನ್ನ ಜೊತೆ ಹುಟ್ಟಿದವರು ಸಂತೆ, ದಲ್ಲಾಳಿ, ಮದುವೆ ಮನೆ ಎಂದು ಊರೂರು ಅಲೆದು ಮೂಗು ಸವೆಸಿಕೊಂಡರು. ನನ್ನನ್ನು ಮಾತ್ರ ಗದಗಿನ ಒಬ್ಬ ಹತ್ತಿ ವ್ಯಾಪಾರಿ ಕಾಗದದಲ್ಲಿ ಸುತ್ತಿ ಸಂದೂಕದ ತಳದಲ್ಲಿಟ್ಟು ಮರೆತ. ಎಪ್ಪತ್ತು ವರ್ಷ ಕತ್ತಲೆಯಲ್ಲೇ ಇದ್ದೆ. ಕೊನೆಗೆ ಅವನ ಮೊಮ್ಮಕ್ಕಳು ಸಂದೂಕ ತೆಗೆದು ಸಿಕ್ಕಿದ್ದನ್ನೆಲ್ಲ ಅಕ್ಕಸಾಲಿಗನ ತಕ್ಕಡಿಗೆ ಸುರಿದರು. ಪಕ್ಕದಲ್ಲೇ ಒಲೆಯ ಮೇಲೆ ಬೆಳ್ಳಿ ಕರಗಿಸುವ ಮೂಸೆ ಕೆಂಪಗೆ ಕಾದಿತ್ತು.

ಆ ಹೊತ್ತಿಗೆ ಹೆಂಡತಿಯ ಕಾಲ್ಗೆಜ್ಜೆ ರಿಪೇರಿಗೆಂದು ಅಲ್ಲಿಗೆ ಬಂದವರು ರುದ್ರಪ್ಪ ಅಬ್ಬಿಗೇರಿ. ಊರಲ್ಲಿ ಅವರದೊಂದು ಚಾಳೀಸಿನ ಅಂಗಡಿ. ಬೇರೆಯವರಿಗೆ ಕನ್ನಡಕ ಮಾರುತ್ತಿದ್ದ ಆ ಮನುಷ್ಯನ ಸ್ವಂತ ಕಣ್ಣು ಹದ್ದಿನ ಕಣ್ಣು. ತಕ್ಕಡಿಯಲ್ಲಿದ್ದ ನನ್ನನ್ನು ಅಂಚು ಹಿಡಿದು ಎತ್ತಿದರು. ಜೇಬಿನಿಂದ ಭೂತಗನ್ನಡಿ ತೆಗೆದು ರಾಜನ ಮೀಸೆ, ಕಿವಿ, ಕಿರೀಟ, ಅಂಗಿಯ ಮೇಲಿನ ಪುಟ್ಟ ಆನೆ ಎಲ್ಲವನ್ನೂ ನೋಡಿದರು. ಏನೂ ಸವೆದಿರಲಿಲ್ಲ. ಅಕ್ಕಸಾಲಿಗ ಕೇಳಿದ ಬೆಲೆ ಕೊಟ್ಟು ನನ್ನನ್ನು ಮನೆಗೆ ಕರೆತಂದರು.

ನಾಣ್ಯ ಕೂಡಿಸುವವರ ಲೋಕ ವಿಚಿತ್ರ. ಅಲ್ಲಿ ‘ಗುಡ್’ ಎಂದರೆ ಮುಖವೇ ಗುರುತು ಸಿಗದಷ್ಟು ಸವೆದದ್ದು. ಅದರ ಮೇಲೆ ‘ಫೈನ್’, ‘ವೆರಿ ಫೈನ್’ ಎಂದು ಮೆಟ್ಟಿಲುಗಳು. ತುತ್ತತುದಿಯಲ್ಲಿ ‘ಅನ್‌ಸರ್ಕ್ಯುಲೇಟೆಡ್’, ಅಂದರೆ ಚಲಾವಣೆಯ ಕೈಯನ್ನೇ ಕಾಣದ್ದು. ರುದ್ರಪ್ಪನವರು ದರ್ಜೆ ಕೊಡುವುದರಲ್ಲಿ ಮಹಾ ಕಟ್ಟುನಿಟ್ಟು. ಹುಬ್ಬಳ್ಳಿಯ ಅವರ ಗೆಳೆಯ ಫಕ್ರುಸಾಬರು ಆಸೆಯಿಂದ ತಂದ ನಾಣ್ಯವನ್ನೂ ಮುಲಾಜಿಲ್ಲದೆ ಕೆಳಗಿಳಿಸುತ್ತಿದ್ದರು. ತಿಕ್ಕಿ ಬೆಳಗಿದ ನಾಣ್ಯವನ್ನಂತೂ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಹೊಸ ಹುಡುಗರು ಬಂದರೆ ಅವರು ಹೇಳುತ್ತಿದ್ದದ್ದು ಒಂದೇ ಮಾತು, ಕಪ್ಪಾದರೆ ಆಗಲಿ, ತಿಕ್ಕಬೇಡಿ, ತಿಕ್ಕಿದ ಮುಖದಲ್ಲಿ ಜೀವ ಉಳಿಯುವುದಿಲ್ಲ. ಅವರ ಪೆಟ್ಟಿಗೆಯಲ್ಲಿ ತುದಿಯ ದರ್ಜೆ ಪಡೆದದ್ದು ನಾನೊಬ್ಬನೇ. ನನಗೆ ಜಂಬ ಬರದೆ ಏನಾದೀತು?

ಅವರ ಹೆಂಡತಿ ನೀಲವ್ವನಿಗೆ ಈ ಶಾಸ್ತ್ರವೆಲ್ಲ ತಲೆಹರಟೆ. ದೀಪಾವಳಿ ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ ಒಂದಾದರೂ ಬೆಳ್ಳಿ ರೂಪಾಯಿ ಕೊಡಿ ಎಂದು ವರ್ಷವೂ ಕೇಳುತ್ತಿದ್ದಳು. ಅರಿಸಿನ ಕುಂಕುಮದ ಹಸಿ ತಾಗಿದರೆ ಕೆಟ್ಟಿತು ಎಂದು ಇವರು ಕೊಡುತ್ತಿರಲಿಲ್ಲ. ಪೆಟ್ಟಿಗೆಯ ಹತ್ತಿರ ಬಿಟ್ಟುಕೊಳ್ಳುತ್ತಿದ್ದದ್ದು ಮಗಳು ಶೈಲಾಳನ್ನು ಮಾತ್ರ. ಏಳು ವರ್ಷದ ಆ ಹುಡುಗಿ ರವಿವಾರ ಅಪ್ಪನ ಎದುರು ಕೈ ಕಟ್ಟಿ ಕೂರುತ್ತಿದ್ದಳು. ನಾಣ್ಯದ ಮೇಲೆ ಉಸಿರು ಬಿಡಬಾರದೆಂದು ತುಟಿ ಬಿಗಿದುಕೊಂಡು, ತಡೆಯಲಾರದೆ ಆಮೇಲೆ ಫಕ್ಕನೆ ನಗುತ್ತಿದ್ದಳು. ಅವಳು ನಕ್ಕಾಗ ರುದ್ರಪ್ಪನವರೂ ನಗುತ್ತಿದ್ದರು. ಬೇರೆ ಹೊತ್ತಿನಲ್ಲಿ ಅವರು ನಕ್ಕದ್ದನ್ನು ನಾನು ನೋಡಿಲ್ಲ.

ಒಂದು ರವಿವಾರ ಅವರು ಕಿಟಕಿ ತೆರೆಯಲೆಂದು ಎದ್ದರು. ಶೈಲಾ ಬಾಗಿ ತನ್ನ ಹೆಬ್ಬೆರಳನ್ನು ನನ್ನ ಮೇಲೆ, ರಾಜನ ಕೆನ್ನೆಗೆ ಸರಿಯಾಗಿ, ಒತ್ತಿಟ್ಟಳು. ಹೆರಳಿಗೆ ಹಚ್ಚಿದ್ದ ಕೊಬ್ಬರಿ ಎಣ್ಣೆ ಬೆರಳಲ್ಲಿ ಇನ್ನೂ ಇತ್ತು. ನನಗೆ ಬಿಸಿ ತಾಗಿತು. ಹುಟ್ಟಿದಾಗಿನಿಂದ ನನ್ನ ಮುಖವನ್ನು ಯಾರೂ ಹಾಗೆ ಮುಟ್ಟಿರಲಿಲ್ಲ.

“ಅಪ್ಪಾ, ರಾಜಾ ತಣ್ಣಗ ಅದಾನ,” ಎಂದಳು.

ರುದ್ರಪ್ಪನವರು ಓಡಿಬಂದು ನನ್ನನ್ನು ಕಸಿದುಕೊಂಡರು. ಹೊಡೆಯಲಿಲ್ಲ. ಇನ್ನು ಮೇಜಿನ ಹತ್ತಿರ ಬರಬೇಡ ಎಂದಷ್ಟೇ ಹೇಳಿದರು. ಅವಳು ಬಾಗಿಲ ತನಕ ಹೋಗಿ ಒಮ್ಮೆ ಹಿಂದಿರುಗಿ ನೋಡಿದಳು. ಅವರು ಆಗ ನನ್ನನ್ನು ನೋಡುತ್ತಿದ್ದರು.

ಆ ಮಳೆಗಾಲದಲ್ಲಿ ಊರಲ್ಲಿ ಮೆದುಳು ಜ್ವರ ಬಂತು. ಶೈಲಾಳನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಅವಳು ತಿರುಗಿ ಮನೆಗೆ ಬರಲಿಲ್ಲ.

ಪೆಟ್ಟಿಗೆಗೆ ಬೀಗ ಬಿತ್ತು. ಅವರು ಅದನ್ನು ಮತ್ತೆ ತೆರೆಯುವ ಹೊತ್ತಿಗೆ ಮೂರು ದೀಪಾವಳಿಗಳು ದೀಪವಿಲ್ಲದೆ ಹೋಗಿದ್ದವು. ನನ್ನನ್ನು ಬೆಳಕಿಗೆ ಹಿಡಿದರು. ಎಣ್ಣೆಬೆರಳು ಬೆಳ್ಳಿಗೆ ತಾಗಿದರೆ ಆ ಹೊತ್ತಿಗೆ ಏನೂ ಕಾಣುವುದಿಲ್ಲ. ವರ್ಷ ಕಳೆದಂತೆ ಅದು ಒಳಗಿಳಿದು ಕಂದುಬಣ್ಣಕ್ಕೆ ಮೂಡುತ್ತದೆ. ರಾಜನ ಕೆನ್ನೆಯ ಮೇಲೆ ಈಗ ಒಂದು ಪುಟ್ಟ ಹೆಬ್ಬೆರಳು ಮೂಡಿತ್ತು. ಗೆರೆ ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ರುದ್ರಪ್ಪನವರು ಭೂತಗನ್ನಡಿ ಕೆಳಗಿಟ್ಟು, ನನ್ನನ್ನು ಎದೆಗೆ ಒತ್ತಿಕೊಂಡು ಅತ್ತರು.

ಫಕ್ರುಸಾಬರು ಬಂದಾಗ ಹಳಹಳಿಸಿದರು. ಒಳ್ಳೆಯ ನಾಣ್ಯಕ್ಕೆ ಎಂಥ ಕಲೆ ಬಿತ್ತಲ್ಲ, ಒಂದು ದ್ರಾವಣ ಇದೆ, ಸ್ವಲ್ಪವಾದರೂ ತಿಳಿಯಾದೀತು ಎಂದರು. ರುದ್ರಪ್ಪನವರು ಬೇಡವೆಂದರು, ಕಾರಣ ಹೇಳಲಿಲ್ಲ. ಹೋಗಲಿ, ಮಾರುವುದಾದರೆ ಕಲೆ ಸಮೇತ ನನಗೇ ಕೊಡಿ ಎಂದು ಫಕ್ರುಸಾಬರು ಮಾತು ತೆಗೆದುಕೊಂಡರು.

ರುದ್ರಪ್ಪನವರು ನೀಲವ್ವನಿಗೂ ಹೇಳಲಿಲ್ಲ. ಶೈಲಾಳ ಹೆಸರು ಕಿವಿಗೆ ಬಿದ್ದರೆ ಆಕೆ ಎರಡು ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಇಂದಲ್ಲ ನಾಳೆ, ಆಕೆ ಚೇತರಿಸಿಕೊಂಡ ಮೇಲೆ ಕೈಹಿಡಿದು ತೋರಿಸೋಣ ಎಂದುಕೊಂಡರೇನೋ. ಪ್ರತಿ ರವಿವಾರ ನನ್ನನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದರು. ಬಳೆಯ ಸದ್ದು ಕೇಳಿದರೆ ಮುಚ್ಚಳ ಹಾಕುತ್ತಿದ್ದರು. ತೋರಿಸಬೇಕಿತ್ತು. ನನಗೆ ಅವರ ಮೇಲೆ ಇರುವ ಸಿಟ್ಟು ಇದೊಂದೇ.

ನಾಳೆ ನಾಳೆ ಎನ್ನುತ್ತ, ಶೈಲಾ ಹೋಗಿ ಹನ್ನೊಂದು ವರ್ಷವಾಯಿತು. ಆ ದೀಪಾವಳಿಗೆ ನೀಲವ್ವ ತಾನಾಗಿಯೇ ಮತ್ತೆ ಪೂಜೆ ಮಾಡಲು ಎದ್ದಳು. ಗಂಡ ಅಂಗಡಿ ಪೂಜೆಗೆ ಹೋಗಿದ್ದರು. ಕಳಚಿಟ್ಟ ಅಂಗಿಯಲ್ಲಿ ಕೀಲಿಕೈ ಸಿಕ್ಕಿತು. ಅವರು ಬಹಳ ಪ್ರೀತಿಯಿಂದ ನೋಡುವುದನ್ನು ತಾನು ಬಾಗಿಲ ಮರೆಯಿಂದ ಕಂಡಿದ್ದ ರೂಪಾಯಿಯನ್ನೇ ಲಕ್ಷ್ಮಿಯ ಮುಂದಿಟ್ಟು ಅವರನ್ನು ಸಂತೋಷಪಡಿಸಬೇಕೆಂದು ಆಕೆಗೆ ಅನಿಸಿತು. ನನ್ನ ಮೇಲಿದ್ದ ಕಂದು ಗುರುತನ್ನು ಕಂಡು, ಪಾಪ, ಚಾಳೀಸು ಮಾರುವವರಿಗೂ ಕಣ್ಣು ಮಂದವಾಯಿತೆಂದು ಮರುಗಿದಳು. ಆಮೇಲೆ ವಿಭೂತಿ ಪುಡಿ ಮಾಡಿ, ಹುಣಸೆಹುಳಿ ಬೆರೆಸಿ, ತಿಕ್ಕತೊಡಗಿದಳು.

ನಾನು ಕೂಗಲಾರೆ. ಆಕೆ ತಿಕ್ಕುತ್ತಿದ್ದದ್ದೂ ಹೆಬ್ಬೆರಳಿನಿಂದಲೇ. ಮಗಳ ಬೆರಳಿದ್ದ ಜಾಗದಲ್ಲೇ ತಾಯಿಯ ಬೆರಳು ಸುತ್ತಿ ಸುತ್ತಿ ಬಂತು. ಅಷ್ಟು ವರ್ಷದ ಮೇಲೆ ಮೊದಲ ಬಾರಿಗೆ ಆಕೆ ಅಳದೆ ಶೈಲಾಳ ಹೆಸರು ಹೇಳುತ್ತಿದ್ದಳು. ಹಣೆಗೆ ವಿಭೂತಿ ಹಚ್ಚಿದರೆ ಸೀನುತ್ತಿದ್ದಳು ಎಂದು ನೆನಪು ಮಾಡಿಕೊಂಡು ತನ್ನಷ್ಟಕ್ಕೆ ನಕ್ಕಳು. ಒಂದೊಂದೇ ಗೆರೆ ಹೋಯಿತು. ನೀರಿನಲ್ಲಿ ತೊಳೆದಾಗ ರಾಜನ ಕೆನ್ನೆ ಬೋಳಾಗಿ ಹೊಳೆಯುತ್ತಿತ್ತು.

ರುದ್ರಪ್ಪನವರು ಬಂದು, ದೀಪದ ಮುಂದೆ ನನ್ನನ್ನು ಕಂಡು, ಗೋಡೆ ಹಿಡಿದು ಕುಳಿತರು.

“ನೋಡ್ರಿ, ಎಷ್ಟ ಮಾಸಿತ್ತು ಪಾಪ,” ಎಂದಳು ನೀಲವ್ವ. “ನಮ್ಮ ಶೈಲಾನ ಹೆಸರಲೆ ಇಟ್ಟೀನಿ. ಸಿಟ್ಟ ಬಂತೇನ್ರಿ?”

ಈಗ ಹೇಳುತ್ತಾರೆ ಎಂದುಕೊಂಡೆ. ಅವರು ಆಕೆಯ ಮುಖವನ್ನು ನೋಡಿದರು.

“ಇಲ್ಲ, ನೀಲಾ. ಛಲೋ ಮಾಡಿದಿ,” ಎಂದರು.

ಹಬ್ಬದ ಫರಾಳಕ್ಕೆಂದು ಫಕ್ರುಸಾಬರು ಬಂದರು. ದೇವರ ಜಗಲಿಯ ಮೇಲೆ ನನ್ನನ್ನು ನೋಡಿದವರೇ ಗುರುತು ಹಿಡಿದರು. ನೀಲವ್ವ ಚಹಾದ ಕಪ್ಪು ಹಿಡಿದು ಅಲ್ಲೇ ನಿಂತಿದ್ದಳು.

“ರುದ್ರಪ್ಪಾರ, ಇದರ ಮ್ಯಾಲೆ ಒಂದು...”

“ಅದು ಬ್ಯಾರೆ ರೂಪಾಯಿ,” ಎಂದು ರುದ್ರಪ್ಪನವರು ತಡೆದರು. “ಅದನ್ನ ಮಾರಿಬಿಟ್ಟೆ. ಇದು ಸಾದಾ.”

ಫಕ್ರುಸಾಬರಿಗೆ ನನ್ನನ್ನು ಗುರುತಿಸಲು ಭೂತಗನ್ನಡಿ ಬೇಕಿರಲಿಲ್ಲ. ತಮಗೇ ಕೊಡುವುದಾಗಿ ಮಾತು ಕೊಟ್ಟು ಈಗ ಮಾರಿಬಿಟ್ಟೆ ಎಂದದ್ದಕ್ಕೆ ಮುನಿದರೋ, ಗೆಳೆಯ ಮುಖ ನೋಡಿ ಸುಳ್ಳು ಹೇಳಿದನೆಂದು ನೊಂದರೋ, ಚಹಾ ಕುಡಿಯದೆ ಎದ್ದು ಹೋದರು. ಆ ಮನೆಗೆ ಅವರು ಮತ್ತೆ ಬರಲಿಲ್ಲ. ಯಾಕೆ ಬರುವುದಿಲ್ಲ ಎಂದು ನೀಲವ್ವ ಎಷ್ಟೋ ಸಲ ಕೇಳಿದಳು. ವಯಸ್ಸಾಯಿತಲ್ಲ ಎಂದು ರುದ್ರಪ್ಪನವರು ಪ್ರತಿ ಸಲವೂ ಹೇಳಿದರು.

ಈಗ ರುದ್ರಪ್ಪನವರೂ ಇಲ್ಲ. ಪೆಟ್ಟಿಗೆಯ ಉಳಿದ ನಾಣ್ಯಗಳನ್ನೆಲ್ಲ ತಮ್ಮ ಕಾಲದಲ್ಲೇ ಕಲಿಯುವ ಹುಡುಗರಿಗೆ ಹಂಚಿಹೋದರು. ದರ್ಜೆ ಬಲ್ಲವರು ನನ್ನನ್ನು ನೋಡಿದರೆ ಒಂದೇ ಮಾತು ಹೇಳುತ್ತಾರೆ, ತಿಕ್ಕಿದ್ದು, ದರ್ಜೆಗೆ ಯೋಗ್ಯವಲ್ಲ. ನಿಜವೇ. ನಾನು ಸಂದೂಕದಲ್ಲೂ ಪೆಟ್ಟಿಗೆಯಲ್ಲೂ ಕಾಪಾಡಿಕೊಂಡ ಮುಖಕ್ಕೆ ಈಗ ನಾನು ಅಳುವುದಿಲ್ಲ. ಹನ್ನೊಂದು ವರ್ಷ ಒಂದು ಮಗುವಿನ ಬೆರಳು ನನ್ನ ಹತ್ತಿರ ಉಳಿದಿತ್ತು, ಅದನ್ನು ಕಾಪಾಡಲಾಗಲಿಲ್ಲ. ಅಳುವುದು ಅದಕ್ಕೆ.

ಅಮಾವಾಸ್ಯೆ ಬಂತೆಂದರೆ ಮುದುಕಿ ನೀಲವ್ವ ನನ್ನನ್ನು ತಪ್ಪದೆ ವಿಭೂತಿ ಹಾಕಿ ತಿಕ್ಕುತ್ತಾಳೆ. ಮಗಳ ಹೆಸರಿನದು, ಹೊಳೆಯುತ್ತಿರಬೇಕು ಎನ್ನುತ್ತಾಳೆ. ನನಗೆ ಬಾಯಿಲ್ಲದಿರುವುದೇ ಒಳ್ಳೆಯದಾಯಿತು. ಆ ತಾಯಿಗೆ ಇದು ಎಂದೂ ತಿಳಿಯದಿರಲಿ.