ಮನ್ನಿಯ ಬಾಯಲ್ಲಿದ್ದ ಜೇಡದ ಕಾಲು

ಮನ್ನಿ ಸತ್ತಾಗ ಅದರ ಬಾಯಲ್ಲಿ ಜೇಡದ ಕಾಲೊಂದು ಸಿಕ್ಕಿಕೊಂಡಿತ್ತು. ನನಗೆ ಅಷ್ಟೇ ಸಾಕಾಯಿತು.

ಔರಾದಿನಿಂದ ಚೀಲದೊಳಗಿಟ್ಟು ಬಸ್ಸಿನಲ್ಲಿ ತಂದ ಬೆಕ್ಕು ಅದು. ದಿನವಿಡೀ ನಡುಗಿ, ನೊರೆ ಕಾರಿ ಸತ್ತಿತು. ಉಳಿದದ್ದು ಅದರ ಒಂದೇ ಮರಿ. ಬೀದರ ಮೈಸೂರು ರಾಜ್ಯಕ್ಕೆ ಸೇರಿ ತಿಂಗಳಾಗಿರಲಿಲ್ಲ. ನಾನು ದುಡಿಯುತ್ತಿದ್ದ ಕಾಳುಕಡಿಯ ಪೇಟೆ ಗಾಂಧಿ ಗಂಜಿನಲ್ಲಿ ಎಲ್ಲರ ಬಾಯಲ್ಲೂ ಹೊಸ ರಾಜ್ಯದ ಮಾತು. ನಾನು ತೊಗರಿ ತೂಗುತ್ತ ಜೇಡಗಳನ್ನೇ ನೆನೆಯುತ್ತಿದ್ದೆ.

ನಾವಿದ್ದ ಮೈಲೂರಿನಲ್ಲಿ ನಮ್ಮ ಗೋಡೆಯಾಚೆ, ಚಿಕ್ಕಮ್ಮನಂತೆ ನಾನು ಖಾಲಾ ಎಂದು ಕರೆಯುವ ಖುರ್ಷಿದ ಬೇಗಂ ಅವರ ಮನೆ. ಅಲ್ಲಿ ಜೇಡವನ್ನು ಯಾರೂ ಕೊಲ್ಲುವಂತಿಲ್ಲ.

"ಹಜರತ ಪೈಗಂಬರರು ಗವಿಯೊಳಗ ಇದ್ದಾಗ ಬಾಗಿಲಿಗೆ ಬಲಿ ಹೆಣದು ಕಾಪಾಡಿದ್ದು ಇದೇ ಜೇಡ, ಬೇಟಾ."

"ನಿಮ್ಮ ಮನ್ಯಾಗಿನ ಜೇಡನೇ ನನ್ನ ಬೆಕ್ಕು ಕೊಂದದರಿ, ಖಾಲಾ."

"ನನ್ನ ಬೆಕ್ಕು ದಿನಾ ನಾಷ್ಟಾಕ್ಕ ಎರಡು ತಿಂತದ. ನೋಡು, ಎಷ್ಟ ದಪ್ಪ ಆಗೇದ, ಬಾಗಿಲದಾಗ ಹಿಡಿಸವಲ್ದು!"

ಖಾಲಾ ನಕ್ಕರು. ಆ ನಗು ನನಗೆ ನಾಟಿತು.

ಹುಳ ಬೀಳದಂತೆ ಗಂಜಿನ ಚೀಲಗಳಿಗೆ ನಾನೇ ದಿನವೂ ಎರಚುತ್ತಿದ್ದ ಬಿಳಿ ಪುಡಿಯನ್ನು ಧೋತರದ ಚುಂಗಿನಲ್ಲಿ ಕಟ್ಟಿ ತಂದೆ. ನಮ್ಮ ಮನೆಯ ತೊಲೆ, ಮೂಲೆ, ಬಾಗಿಲ ಹಿಂದೆ, ಎಲ್ಲ ಕಡೆ ಎರಚಿದೆ. ಜೇಡಗಳು ಉದುರಿದವು, ಕಾಲು ಮಡಚಿಕೊಂಡವು. ಒಂದೊಂದಕ್ಕೂ ಮನ್ನಿಯ ಹೆಸರು ಹೇಳಿದೆ. ಬಾಯಿಗೆ ರುಚಿ ಬಂದಂತಾಯಿತು.

ಮರಿ ಬಿದ್ದ ಜೇಡಗಳನ್ನು ಹೊರಳಿಸಿ ಆಡಿತು. ಬೆಳ್ಳಗಾದ ಪಂಜವನ್ನು ನೆಕ್ಕಿತು. ಮಧ್ಯಾಹ್ನದ ಹೊತ್ತಿಗೆ ನಡುಗತೊಡಗಿತು, ಥೇಟ್ ಮನ್ನಿಯಂತೆ. ಮನೆಯಲ್ಲಿ ಜೀವಂತ ಜೇಡ ಒಂದೂ ಉಳಿದಿರಲಿಲ್ಲ.

ಎತ್ತಿಕೊಂಡು ಖಾಲಾ ಹತ್ತಿರ ಓಡಿದೆ. ಅವರು ಮರಿಯ ಮೈ ಮೂಸಿದರು. ಆಮೇಲೆ ನನ್ನ ಅಂಗಿ ಮೂಸಿದರು.

"ಇದೇ ನಾತ ಮನ್ನಿ ಮೈಯಾಗೂ ಇತ್ತು. ಗಂಜಿನಿಂದ ಬಂದು ಇದೇ ಅಂಗಿ ಮ್ಯಾಲ ಮಲಗಿಸ್ಕೊತಿದ್ದೆಲ್ಲ? ಮೈ ನೆಕ್ಕದ ಬೆಕ್ಕು ಎಲ್ಯಾರ ಅದ ಏನು, ಮಚ್ಛೇಂದ್ರ?"

ಅವರು ಬೆಚ್ಚಗಿನ ನೀರು, ಸಾಬೂನು ಹಿಡಿದು ಮತ್ತೆ ಮತ್ತೆ ತೊಳೆದರು. ಸಂಜೆಗೆ ಮರಿ ಎದ್ದು ನಿಂತಿತು. ಕೈ ಚಾಚಿದೆ.

"ಮುಟ್ಟಬ್ಯಾಡ. ಇದು ಇನ್ನ ಇಲ್ಲೇ ಇರ್ತದ."

ಅವರ ತಲೆಯ ಮೇಲೆ ತೊಲೆಯಲ್ಲಿ ಜೇಡವೊಂದು ಬಲೆ ನೇಯುತ್ತಿತ್ತು. ಮರಿ ಅದನ್ನೇ ನೋಡುತ್ತಿತ್ತು.

ನನ್ನ ಸಿಟ್ಟು ಇಳಿದಿರಲಿಲ್ಲ. ಹೊಡೆಯಲು ಯಾರಾದರೂ ಬೇಕಿತ್ತು. ಬಾವಿಕಟ್ಟೆಗೆ ಹೋಗಿ ಅಂಗಿ ಕಳಚಿ ಒಗೆಯುವ ಕಲ್ಲಿಗೆ ಬಡಿದೆ. ಗುಂಡಿ ಹಾರಿದವು. ಮತ್ತೂ ಬಡಿದೆ.

"ಅಂಗಿ ಹರಿತದೋ!" ಗೋಡೆಯಾಚೆಯಿಂದ ಖಾಲಾ ಕೂಗಿದರು.

"ಹರೀಲಿರಿ," ಎಂದೆ.